ಪ್ರಸ್ತಾರ, ನಷ್ಟ ಮತ್ತು ಕೋಶಯಂತ್ರ

ಛಂದಶ್ಶಾಸ್ತ್ರದಲ್ಲಿ ವಿದ್ಯಾರ್ಥಿಗಳು ಸಾಮಾನ್ಯವಾಗಿ ಬೇಸರದಿಂದ ದಾಟಿಹೋಗುವ ಭಾಗವೆಂದರೆ ಷಟ್ಪ್ರತ್ಯಯ. ಹತ್ತನೆಯ ಶತಮಾನದ ನಾಗವರ್ಮನ ‘ಛಂದೋಂಬುಧಿ’ಯೂ ನಿರೂಪಿಸುವ ಈ ವಿಷಯಕ್ಕೆ ಕಾವ್ಯರಸದೊಡನೆ ನೇರ ಸಂಬಂಧವಿಲ್ಲವೆಂಬುದು ನಿಜ. ಆದರೆ ಅಲ್ಪ ನಿಯಮವೊಂದು ಅಪಾರ ರೂಪಗಳನ್ನು ಹುಟ್ಟಿಸುವ ಬಗೆಯನ್ನು ಕುರಿತ ಗಣಕವಿಜ್ಞಾನದ ಪ್ರಶ್ನೆಯೊಂದಕ್ಕೆ ಕನ್ನಡ ವಿದ್ಯಾರ್ಥಿಯು ಪ್ರವೇಶಿಸಬಹುದಾದ ಸಹಜ ದ್ವಾರ ಇದೇ.

ಸರ್ವಗುರುವಾದ ಸಾಲಿನಿಂದ ಪ್ರಸ್ತಾರದ ಆರಂಭ. ಮೊದಲ ಗುರುವಿನ ಕೆಳಗೆ ಲಘು, ಅದರ ಬಲಕ್ಕೆ ಮೇಲಿನ ಸಾಲಿನಂತೆಯೇ, ಎಡಕ್ಕೆ ಉಳಿದುದೆಲ್ಲ ಗುರು. ಹೀಗೆ ಬರೆಯುತ್ತ ಹೋದರೆ 19 ಅಕ್ಷರಗಳ ಪಾದಕ್ಕೆ 5,24,288 ಸಾಲುಗಳಾಗುತ್ತವೆ. ಅವುಗಳಲ್ಲಿ ಶಾರ್ದೂಲವಿಕ್ರೀಡಿತವು 1,49,337ನೆಯದು. ಅದನ್ನು ಕಾಣಲು ಹಿಂದಿನ ಸಾಲುಗಳನ್ನೆಲ್ಲ ಬರೆಯಬೇಕಾಗಿಲ್ಲ. ಅದಕ್ಕಾಗಿಯೇ ‘ನಷ್ಟ’ವೆಂಬ ಪ್ರತ್ಯಯವಿದೆ. ಸಂಖ್ಯೆ ಸಮವಾದರೆ ಲಘುವನ್ನಿಟ್ಟು ಅರ್ಧಿಸಬೇಕು. ಬೆಸವಾದರೆ ಗುರುವನ್ನಿಟ್ಟು ಒಂದು ಕೂಡಿಸಿ ಅರ್ಧಿಸಬೇಕು. 1,49,337, 74,669, 37,335 ಮೂರೂ ಬೆಸ, ಮಗಣವಾಯಿತು. 18,668 ಮತ್ತು 9,334 ಸಮ, 4,667 ಬೆಸ, ಸಗಣವಾಯಿತು. ಹತ್ತೊಂಬತ್ತೇ ಹೆಜ್ಜೆಗಳಲ್ಲಿ ಇಡೀ ವೃತ್ತ ಕೈಸೇರುತ್ತದೆ.

1940ರ ದಶಕದಲ್ಲಿ ಉಲಾಮ್ ಮತ್ತು ಫಾನ್ ನಾಯ್ಮನ್ ಎಂಬ ಗಣಿತಜ್ಞರು ರೂಪಿಸಿದ ‘ಸೆಲ್ಯುಲರ್ ಆಟೋಮೇಟಾ’ವನ್ನು ಕೋಶಯಂತ್ರವೆನ್ನಬಹುದು. ಕಾನ್ವೇ 1970ರಲ್ಲಿ ಪ್ರಸಿದ್ಧಗೊಳಿಸಿದ ‘ಗೇಮ್ ಆಫ್ ಲೈಫ್’ ಈ ಜಾತಿಯದೇ. 1980ರ ದಶಕದಲ್ಲಿ ಸ್ಟೀಫನ್ ವುಲ್ಫ್ರಾಮ್ ಇದರ ಅತಿ ಸರಳ ಪ್ರಕಾರವನ್ನು ಪರಿಶೀಲಿಸಿದರು. ಒಂದು ಸಾಲಿನಲ್ಲಿ ಕಪ್ಪು, ಬಿಳಿ ಮನೆಗಳು. ಪ್ರತಿ ಮನೆಯೂ ತನ್ನನ್ನೂ ಎಡಬಲದ ನೆರೆಯನ್ನೂ ನೋಡಿ ಮುಂದಿನ ಸಾಲಿನ ತನ್ನ ಬಣ್ಣವನ್ನು ನಿರ್ಧರಿಸುತ್ತದೆ. ಎರಡು ಬಣ್ಣ, ಮೂರು ಮನೆ: ಇವು ನಮ್ಮ ಎಂಟು ಗಣಗಳಲ್ಲದೆ ಬೇರೆಯಲ್ಲ! ಪ್ರತಿ ಗಣಕ್ಕೂ ಗುರು ಅಥವಾ ಲಘುವನ್ನು ವಿಧಿಸಿದರೆ ಒಟ್ಟು 256 ನಿಯಮಗಳು.

ಕಪ್ಪನ್ನು ಗುರುವೆಂದೆಣಿಸಿದರೆ, ಯ, ತ, ಭ, ಸಗಣಗಳಿಗೆ ಗುರುವನ್ನೂ ಉಳಿದವಕ್ಕೆ ಲಘುವನ್ನೂ ಕೊಡುವುದು 90ನೆಯ ನಿಯಮ. ಲಘುಗಳ ನಡುವೆ ಒಂದೇ ಗುರುವನ್ನಿಟ್ಟು ಆರಂಭಿಸಿದರೆ ಮೂಡುವ ಚಿತ್ರವು, ಹಲಾಯುಧನು ಪಿಂಗಲನ ವ್ಯಾಖ್ಯಾನದಲ್ಲಿ ವಿವರಿಸಿದ ಮೇರುಪ್ರಸ್ತಾರದ ಬೆಸ ಸಂಖ್ಯೆಗಳ ಚಿತ್ರವೇ. ಹೀಗಾಗಿ ಎಷ್ಟನೆಯ ಸಾಲನ್ನಾದರೂ ನೇರವಾಗಿ ಗಣಿಸಬಹುದು. ಈಗ ತಗಣದ ಗುರುವನ್ನು ಜಗಣಕ್ಕೆ ವರ್ಗಾಯಿಸಿದರೆ 30ನೆಯ ನಿಯಮವಾಗುತ್ತದೆ. ಮೇರುವಿನ ಶಿಸ್ತು ಅಲ್ಲಿಗೆ ಒಡೆಯುತ್ತದೆ. ಕೆಲವು ಕಡಲ ಶಂಖಗಳ ಮೈಮೇಲಿನ ಚಿತ್ತಾರವನ್ನು ಹೋಲುವ ಅಸ್ತವ್ಯಸ್ತ ತ್ರಿಕೋನಗಳು ಮೂಡುತ್ತವೆ. ಇದರ ನಡುಗಂಬದ ಇಂತಿಷ್ಟನೆಯ ಮನೆಯನ್ನು ಹಿಂದಿನ ಸಾಲುಗಳನ್ನು ನಡೆಯದೆ ತಿಳಿಯುವ ಒಳದಾರಿ ಇದೆಯೆ? 2019ರಲ್ಲಿ ವುಲ್ಫ್ರಾಮ್ ಬಹುಮಾನ ಘೋಷಿಸಿದ ಮೂರು ಪ್ರಶ್ನೆಗಳಲ್ಲಿ ಇದರ ತಿರುಳೂ ಒಂದು. ಛಂದಸ್ಸಿನ ಮಾತಿನಲ್ಲಿ ಹೇಳುವುದಾದರೆ, ಈ ಪ್ರಸ್ತಾರಕ್ಕೆ ನಷ್ಟಪ್ರತ್ಯಯವಿದೆಯೆ ಎಂಬುದೇ ಪ್ರಶ್ನೆ.

ಇಷ್ಟರಿಂದ ಪ್ರಾಚೀನರು ಕೋಶಯಂತ್ರವನ್ನು ಬಲ್ಲವರಾಗಿದ್ದರೆಂದು ಸಾರುವುದು ಅವಿವೇಕ. ಪ್ರಸ್ತಾರದಲ್ಲಿ ಬರೆಯುವ ಕೈ ಮೊದಲ ಗುರುವನ್ನು ಹುಡುಕಿಕೊಂಡು ಹೋಗಬೇಕು. ಕೋಶಯಂತ್ರದಲ್ಲಿ ಎಲ್ಲ ಮನೆಗಳೂ ಏಕಕಾಲಕ್ಕೆ ಬದಲಾಗುತ್ತವೆ. ಪ್ರಸ್ತಾರದ ಗುರಿ ಎಣಿಕೆಯೇ ಹೊರತು ವಿಸ್ಮಯವಲ್ಲ.

ಕಲೆಯಲ್ಲಿ ಮಾತು ಬೇರೆ. ಗ್ರೀಕ್ ಮೂಲದ ಸಂಗೀತಕಾರ ಕ್ಸೆನಾಕಿಸ್ 1986ರ ‘ಹೋರೋಸ್’ ವಾದ್ಯವೃಂದ ಕೃತಿಯ ಸ್ವರಮೇಳಗಳಿಗೆ ಕೋಶಯಂತ್ರವನ್ನು ಬಳಸಿದರು; ಆದರೂ ಆ ಕೃತಿ ನಿಯಮದ್ದಲ್ಲ, ಅವರದು. ಕನ್ನಡ ಕವಿಗಳೂ 19 ಅಕ್ಷರಗಳ ಐದು ಲಕ್ಷಕ್ಕೂ ಮಿಕ್ಕ ಸಾಧ್ಯತೆಗಳಲ್ಲಿ ಖ್ಯಾತಕರ್ನಾಟಕಗಳ ಸಾಲಿಗೆ ಸೇರಿಸಿಕೊಂಡದ್ದು ಒಂದನ್ನೇ. ಅದಕ್ಕೂ ದ್ವಿತೀಯಾಕ್ಷರ ಪ್ರಾಸದ ಕಟ್ಟನ್ನು ಹೊರಿಸಿದರು. ಪ್ರಸ್ತಾರದ ಯಾವ ಸಾಲಿನಲ್ಲೂ ಆ ಪ್ರಾಸದ ಗುರುತಿಲ್ಲ.