ವಿದ್ಯಾರ್ಥಿಗಳ ಮನಸ್ಸಿನ ಆರೋಗ್ಯ ಮತ್ತು ನಮ್ಮ ಹೊಣೆ

ಸಂಪಿಗೆ ಸೀಮೆಯ ತೋಟಗಾರರಿಗೆ ಅಣಬೆ ರೋಗದ ಪರಿಚಯ ಮಾಡಿಕೊಡಬೇಕಿಲ್ಲ. ಬೇರಿನಲ್ಲಿ ಆರಂಭವಾದ ರೋಗವು ಗರಿ ಜೋತುಬಿದ್ದು, ಬುಡದಲ್ಲಿ ಕಂದು ರಸ ಸೋರುವ ಹೊತ್ತಿಗೆ ಬಹಳ ಮುಂದುವರಿದಿರುತ್ತದೆ. ಆಗ ನಾವು ಮರವನ್ನು ಬಯ್ಯುವುದಿಲ್ಲ. ಬುಡವನ್ನು ನೋಡುತ್ತೇವೆ, ತಿಳಿದವರನ್ನು ಕೇಳುತ್ತೇವೆ. ಆದರೆ ಓದಲೆಂದು ತುಮಕೂರಿಗೋ ಬೆಂಗಳೂರಿಗೋ ಹೋದ ಮಕ್ಕಳು ಬಾಡಿದಾಗ ಮಾತ್ರ "ಮನಸ್ಸು ಗಟ್ಟಿ ಮಾಡಿಕೋ" ಎಂದು ಹೇಳಿ ಸುಮ್ಮನಾಗುತ್ತೇವೆ.

ಮನಸ್ಸಿನ ಕಾಯಿಲೆ ದೌರ್ಬಲ್ಯವಲ್ಲ. ಅದಕ್ಕೆ ಕಾರಣಗಳಿವೆ, ಚಿಕಿತ್ಸೆಯೂ ಇದೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇಂಗ್ಲಿಷ್ ಪಾಠದ ಅಂಜಿಕೆ, ಹಾಸ್ಟೆಲಿನ ಒಂಟಿತನ, ಮನೆಯ ಸಾಲದ ಚಿಂತೆ ಒಂದೆಡೆ. ಜಾತಿ, ಬಡತನ, ಅಂಗವೈಕಲ್ಯಗಳ ಕಾರಣದಿಂದ ಸಹಪಾಠಿಗಳೇ ದೂರವಿಡುವ ನೋವು ಇನ್ನೊಂದೆಡೆ. ಆದುದರಿಂದ ಮನಸ್ಸಿನ ಆರೋಗ್ಯವೂ ಎಲ್ಲರನ್ನೂ ಸಮಾನವಾಗಿ ಕಾಣುವುದೂ ಬೇರೆಬೇರೆಯಲ್ಲ.

ಇದನ್ನು ವಿದ್ಯಾರ್ಥಿಗಳೇ ಎತ್ತಿ ಹೇಳಿದರು. 2016ರ ಜನವರಿಯಲ್ಲಿ ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ರೋಹಿತ್ ವೇಮುಲ ತೀರಿಕೊಂಡಾಗ ದೇಶದ ಅನೇಕ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದರು. 2019ರಲ್ಲಿ ಅವರ ತಾಯಿಯೂ, ಮುಂಬಯಿಯ ವೈದ್ಯ ವಿದ್ಯಾರ್ಥಿನಿ ಪಾಯಲ್ ತಡ್ವಿಯವರ ತಾಯಿಯೂ ಕ್ಯಾಂಪಸ್ಸಿನ ಭೇದಭಾವದ ವಿರುದ್ಧ ಸುಪ್ರೀಂ ಕೋರ್ಟಿನ ಮೊರೆಹೋದರು. ಬೇರೊಂದು ಪ್ರಕರಣದಲ್ಲಿ 2025ರ ಜುಲೈನಲ್ಲಿ ಅದೇ ನ್ಯಾಯಾಲಯವು, 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ಅರ್ಹ ಆಪ್ತಸಮಾಲೋಚಕರೊಬ್ಬರಾದರೂ ಇರಬೇಕೆಂದು ನಿರ್ದೇಶಿಸಿತು. ಅಂಕಗಳ ಹೆಸರಿನಲ್ಲಿ ಎಲ್ಲರೆದುರು ಅವಮಾನಿಸಬಾರದೆಂದೂ ಹೇಳಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಮಾನಸಿಕ ಕಾಯಿಲೆಯನ್ನೂ ಕಲಿಕಾ ನ್ಯೂನತೆಯನ್ನೂ ತನ್ನ 21 ಬಗೆಗಳಲ್ಲಿ ಸೇರಿಸಿದೆ.

ನಮ್ಮ ರಾಜ್ಯದಲ್ಲಿ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯು ನಿಮ್ಹಾನ್ಸ್ ಸಂಸ್ಥೆಯೊಡನೆ ರೂಪಿಸಿದ 'ಯುವ ಸ್ಪಂದನ' ಕಾರ್ಯಕ್ರಮವು ಯುವಕ ಯುವತಿಯರನ್ನೇ 'ಯುವ ಪರಿವರ್ತಕ'ರನ್ನಾಗಿ ತರಬೇತುಗೊಳಿಸಿತು. ಓರಗೆಯವರ ಮುಂದೆ ಬಾಯಿಬಿಡುವುದು ಮಕ್ಕಳಿಗೆ ಸುಲಭವೆಂಬುದೇ ಇದರ ತಿರುಳು.

ಹೀಗಿರುವಾಗ, ನಮ್ಮ ಮಗಳು ಕಾಲೇಜಿನಲ್ಲಿ ಆಪ್ತಸಮಾಲೋಚಕರು ಬೇಕೆಂದು ಮನವಿಗೆ ಸಹಿ ಹಾಕಿದರೆ, ಕಣ್ಣು ಕಾಣದ ಗೆಳತಿಗೆ ಪರೀಕ್ಷೆ ಬರೆದುಕೊಡುವವರನ್ನು ಒದಗಿಸಿರೆಂದು ಪ್ರಾಂಶುಪಾಲರನ್ನು ಕೇಳಿದರೆ, "ನಿನಗೇಕೆ ಬೇಡದ ಉಸಾಬರಿ" ಎನ್ನದಿರೋಣ. ಅದು ಓದನ್ನು ಬಿಟ್ಟ ಕೆಲಸವಲ್ಲ. ಮಕ್ಕಳನ್ನು ಸೇರಿಸುವಾಗ ಶುಲ್ಕ, ಊಟಗಳ ಜೊತೆಗೆ ಇವನ್ನೂ ವಿಚಾರಿಸೋಣ: ಆಪ್ತಸಮಾಲೋಚಕರಿದ್ದಾರೆಯೇ? ಅವರೊಡನೆ ಕನ್ನಡದಲ್ಲಿ ಮಾತನಾಡಬಹುದೇ? ಹೇಳಿಕೊಂಡದ್ದು ಗುಟ್ಟಾಗಿ ಉಳಿಯುವುದೇ?

ನಿದ್ರೆ ಕೆಡುವುದು, ಊಟ ಸೇರದಿರುವುದು, ಇಷ್ಟವಾದುದರಲ್ಲೂ ಆಸಕ್ತಿ ಇಲ್ಲವಾಗುವುದು, ಜನರಿಂದ ದೂರ ಸರಿಯುವುದು ಇವು ಎರಡು ವಾರ ಮೀರಿದರೆ ವೈದ್ಯರನ್ನು ಕಾಣಬೇಕು. "ಬದುಕು ಬೇಡ" ಎಂಬ ಮಾತು ಬಂದರೆ ಅದನ್ನು ಹಗುರವಾಗಿ ಎಣಿಸಬಾರದು. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೊರೆ ಇಳಿಯಲು ದಾರಿಯಾಗುತ್ತದೆ. ಅಂಥವರನ್ನು ಒಂಟಿಯಾಗಿ ಬಿಡದೆ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. 'ಟೆಲಿ ಮಾನಸ್' ಸಹಾಯವಾಣಿ 14416 ಹಗಲಿರುಳೂ ಉಚಿತ, ಕನ್ನಡದಲ್ಲಿಯೂ ಮಾತನಾಡಬಹುದು.

ಮುಂದಿನ ಸಲ ಹಾಸ್ಟೆಲಿಗೆ ಫೋನ್ ಮಾಡಿದಾಗ ಅಂಕಗಳ ಮಾತಿಗೆ ಮೊದಲು ನಿದ್ರೆಯನ್ನೂ ಊಟವನ್ನೂ ಗೆಳೆಯರನ್ನೂ ವಿಚಾರಿಸೋಣ. ಉತ್ತರ ತಡವಾಗಿ ಬಂದರೂ ಕಾದು ಕೇಳೋಣ.