ಪ್ರಶ್ನೆಪತ್ರಿಕೆ ನೋಡಿ ತಲೆ ಖಾಲಿಯಾದರೆ

ರಾತ್ರಿ ಬಾಯಿಪಾಠ ಒಪ್ಪಿಸಿದ ಸೂತ್ರ ಪ್ರಶ್ನೆಪತ್ರಿಕೆ ಕಂಡೊಡನೆ ಮಾಯ. ಪರೀಕ್ಷೆ ಮುಗಿಸಿ ಮೆಟ್ಟಿಲಿಳಿಯುವಾಗ ತಾನಾಗಿ ನೆನಪಾಗುತ್ತದೆ. ಅಂದರೆ ಮರೆತಿರಲಿಲ್ಲ, ಆ ಹೊತ್ತಿಗೆ ಎಟುಕಲಿಲ್ಲ ಅಷ್ಟೆ.

ಇದಕ್ಕೆ ಕಾರಣ ದಿಗಿಲು. ಆಗ ಮೆದುಳಿನಲ್ಲಿ ನಾರ್‌ಅಡ್ರಿನಲಿನ್, ಡೋಪಮೈನ್ ಎಂಬ ರಾಸಾಯನಿಕಗಳು ಉಕ್ಕುತ್ತವೆ. ಹಣೆಯ ಹಿಂದಿರುವ ಪ್ರಿಫ್ರಂಟಲ್ ಕಾರ್ಟೆಕ್ಸ್‌ಗೆ ಇವು ಹಿತಮಿತವಾಗಿ ಬೇಕು. ಅತಿಯಾದರೆ ನರಕೋಶದೊಳಗಿನ ಸಂಕೇತ ಪ್ರೋಟೀನುಗಳು ಕೆರಳುತ್ತವೆ. ಅವುಗಳಲ್ಲೊಂದು ಪ್ರೋಟೀನ್ ಕೈನೇಸ್ ಸಿ. ಇದು ಚುರುಕಾದರೆ ಮಾಹಿತಿಯನ್ನು ಕ್ಷಣಕಾಲ ತಲೆಯಲ್ಲಿ ಹಿಡಿದಿಡುವ ಶಕ್ತಿ ಕುಗ್ಗುತ್ತದೆ, ತಡೆದರೆ ಉಳಿಯುತ್ತದೆ ಎಂದು ಯೇಲ್ ವಿಶ್ವವಿದ್ಯಾಲಯದ ಏಮಿ ಆರ್ನ್‌ಸ್ಟನ್ ತಂಡ 2004ರಲ್ಲಿ ಇಲಿ, ಮಂಗಗಳಲ್ಲಿ ತೋರಿಸಿತು. ನೆನಪಿಗೆ ತೊಡಕಾಗುವ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಮಾತ್ರ ನಿಧಾನಿ. ಗರಿಷ್ಠ ಮಟ್ಟ ಮುಟ್ಟಲು 20-30 ನಿಮಿಷ ಬೇಕು.

ಅಷ್ಟರೊಳಗೆ ದಿಗಿಲು ತಗ್ಗಿಸಬೇಕು. ಹಾಗಾಗಿ ಮೊದಲ ಕೆಲಸ, ಉತ್ತರಕ್ಕಾಗಿ ತಿಣುಕುವುದನ್ನು ಬಿಡಿ. ಪೆನ್ನು ಕೆಳಗಿಡಿ. ಉಸಿರು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಬಿಡಿ. ಎರಡು ನಿಮಿಷ ಹೀಗೆ ಮಾಡಿದರೆ ಎದೆಬಡಿತ ತಗ್ಗುತ್ತದೆ. ಆಮೇಲೆ ಕೈಗೆ ರೂಢಿಯಿರುವುದನ್ನು ಬರೆಯಿರಿ: ನೋಂದಣಿ ಸಂಖ್ಯೆ, ವ್ಯಾಖ್ಯೆ, ಒಂದು ಅಂಕದ ಉತ್ತರಗಳು. ರೂಢಿಯ ಕೆಲಸಕ್ಕೆ ಪ್ರಿಫ್ರಂಟಲ್ ಕಾರ್ಟೆಕ್ಸ್ ಹೆಚ್ಚು ಬೇಕಾಗದು. ಕಷ್ಟದ ಲೆಕ್ಕಕ್ಕೆ ಬಂದಾಗ ಪ್ರತಿ ಹಂತವನ್ನೂ ಕಾಗದಕ್ಕಿಳಿಸಿ, ತಲೆಯಲ್ಲಿಟ್ಟುಕೊಳ್ಳಬೇಡಿ. ಎಸ್‌ಎಸ್‌ಎಲ್‌ಸಿ, ಪಿಯುಸಿಯಲ್ಲಿ ಓದಿಕೊಳ್ಳಲು ಕೊಡುವ 15 ನಿಮಿಷದಲ್ಲಿ ಗೊತ್ತಿಲ್ಲದ ಪ್ರಶ್ನೆಗಳನ್ನು ಎಣಿಸುವವರೇ ಹೆಚ್ಚು. ಗೊತ್ತಿರುವುದನ್ನು ಗುರುತಿಸಿಕೊಳ್ಳಿ.

ತಯಾರಿ ಮನೆಯಲ್ಲೇ ಶುರುವಾಗಲಿ. ಗಡಿಯಾರ ಎದುರಿಗಿಟ್ಟು, ಪುಸ್ತಕ ಮುಚ್ಚಿ, ಹಳೆಯ ಪ್ರಶ್ನೆಪತ್ರಿಕೆ ಪೂರ್ತಿ ಬರೆಯಿರಿ. ಗೆಳೆಯರು ಹೇಳಿದರೆಂದು ಎದೆಬಡಿತ ಇಳಿಸುವ ಪ್ರೊಪ್ರನಲಾಲ್ ಮಾತ್ರೆ ನುಂಗಬೇಡಿ. ಆಸ್ತಮಾ ಇದ್ದವರಿಗಂತೂ ಅದು ಅಪಾಯಕಾರಿ.

ಹೆತ್ತವರಿಗೊಂದು ಮಾತು. ಬೆಂಗಳೂರಿನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನ ಸುಮಂತ್ರ ಚಟರ್ಜಿ ತಂಡ ಇಲಿಗಳಿಗೆ ಒಮ್ಮೆ ಮಾತ್ರ, ಎರಡು ಗಂಟೆ ಒತ್ತಡ ಕೊಟ್ಟು ನೋಡಿತು. ಭಯದ ಕೇಂದ್ರವಾದ ಅಮಿಗ್ಡಲಾದಲ್ಲಿ ಮರುದಿನ ಬದಲಾವಣೆ ಕಾಣಲಿಲ್ಲ. ಹತ್ತು ದಿನದ ಮೇಲೆ ನರಕೋಶಗಳ ಹೊಸ ಸಂಪರ್ಕ ಮೊಳಕೆಗಳು ಕಂಡವು. ಇಲಿಯ ವಿಷಯ ಮಗುವಿಗೆ ಹಾಗೇ ಅನ್ವಯಿಸದು, ನಿಜ. ಆದರೂ ಪರೀಕ್ಷೆ ಮುಗಿದ ವಾರದ ಮೇಲೆ ಮಗು ನಿದ್ದೆಗೆಟ್ಟರೆ, ಬೆಚ್ಚಿಬೀಳುತ್ತಿದ್ದರೆ ನಾಟಕವೆಂದು ಗದರಬೇಡಿ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತನಾಡಬಹುದು.