‘ರಿಸೀವ್’ ಎಂಬ ಕ್ರಿಯಾಪದ

ಗಿರಣಿಯ ಮೆಮೊ ಹಿಡಿದು ನಮ್ಮ ವಾಚನಾಲಯಕ್ಕೆ ಬರುವ ಮಿತ್ರರಿಗೆ ನಾವು ಮೊದಲು ತೋರಿಸುವುದು ಸಹಿಯ ಮೇಲಿನ ಶಬ್ದವನ್ನು. ‘ರಿಸೀವ್ಡ್’ ಎಂದರೆ ಕಾಗದ ಕೈಸೇರಿತು, ಅಷ್ಟೇ. ‘ಆಕ್ಸೆಪ್ಟೆಡ್’ ಎಂದರೆ ಅದರಲ್ಲಿ ಬರೆದದ್ದನ್ನು ಒಪ್ಪಿದೆವು ಎಂದಾದೀತು.

ಇವೆರಡೂ ಒಂದೇ ತಾಯಿಯ ಮಕ್ಕಳು. ಲ್ಯಾಟಿನ್ ಭಾಷೆಯಲ್ಲಿ ‘ಕಪೆರೆ’ ಎಂದರೆ ಹಿಡಿಯುವುದು, ತೆಗೆದುಕೊಳ್ಳುವುದು. ಅದರಿಂದ ‘ರೆಕಿಪೆರೆ’, ‘ಅಕ್ಕಿಪೆರೆ’ ಹುಟ್ಟಿದವು. ಮೊದಲನೆಯದು ಫ್ರೆಂಚರ ಬಾಯಲ್ಲಿ ‘ಪಿ’ಯನ್ನು ಕಳೆದುಕೊಂಡು ಇಂಗ್ಲಿಷಿಗೆ ‘ರಿಸೀವ್’ ಆಗಿ ಬಂದಿತು. ‘ರಿಸೀಟ್’ನಲ್ಲಿ ಮಾತ್ರ ಪಂಡಿತರು ಲ್ಯಾಟಿನ್ನನ್ನು ನೆನೆದು ಆ ‘ಪಿ’ಯನ್ನು ಮರಳಿ ತಂದು ಕೂರಿಸಿದರು, ಅದು ಇಂದಿಗೂ ಬಾಯಿ ಬಿಟ್ಟಿಲ್ಲ. ನಮ್ಮ ‘ರಸೀದಿ’ಯೂ ಇದರ ಅಪಭ್ರಂಶವೆಂದು ಅನೇಕರ ಎಣಿಕೆ. ಅಲ್ಲ, ಅದು ಪಾರಸಿಯ ‘ರಸೀದ್’, ಅರ್ಥ ‘ತಲುಪಿತು’. ಇಂಗ್ಲಿಷಿಗಿಂತ ಇದೇ ಸ್ಪಷ್ಟ!

ಕಾಗುಣಿತದಲ್ಲಿ ‘ಸಿ’ ಆದಮೇಲೆ ‘ಇ’, ಅನಂತರ ‘ಐ’.

ಚಾರ್ಜ್‌ಶೀಟು ಕೈಗೆ ಬಂದರೆ ‘ರಿಸೀವ್ಡ್’ ಎಂದು ನಾವೇ ಬರೆದು, ಸಹಿಯ ಕೆಳಗೆ ಅಂದಿನ ತಾರೀಖನ್ನು ತಪ್ಪದೆ ಹಾಕಬೇಕು. ಉತ್ತರದ ಗಡುವನ್ನು ಕಾಗದ ತಲುಪಿದ ದಿನದಿಂದ ಎಣಿಸುವುದುಂಟು. ಎರಡು ಶಬ್ದಗಳೂ ಅಚ್ಚಾಗಿದ್ದರೆ ‘ಆಕ್ಸೆಪ್ಟೆಡ್’ ಮೇಲೆ ಗೆರೆ ಎಳೆದು ಸಹಿ ಮಾಡಿರಿ, ಒಂದು ಪ್ರತಿಯನ್ನು ಕೇಳಿ ಪಡೆಯಿರಿ.